ಬಾವಿಯ ಬೀಗ

ನಮ್ಮ ತಂದೆಯವರ ಬಳಿ ಇದ್ದ ಕೆಲವೇ ಪುಸ್ತಕಗಳಲ್ಲಿ, ಥಾಮಸ್ ಅ ಕೆಂಪಿಸ್ ಎಂಬ ಸಂನ್ಯಾಸಿಯು ಹದಿನೈದನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥದ ಇಂಗ್ಲಿಷ್ ಪ್ರತಿಯೊಂದಿತ್ತು. ಅದರ ಹೆಸರನ್ನು ಅವರು ‘ಕ್ರಿಸ್ತಾನುಕರಣ’ವೆಂದು ಕನ್ನಡಿಸಿ ಹೇಳುತ್ತಿದ್ದರು. ಸಂಜೆ ದೀಪ ಹಚ್ಚಿ ಪ್ರಾರ್ಥನೆ ಮುಗಿದ ಮೇಲೆ ಅದರ ಒಂದು ಪುಟದ ಅರ್ಥವನ್ನು ಕೇಳಿದ ಹೊರತು ನಮಗೆ ಊಟವಿರಲಿಲ್ಲ. ಹಸಿದ ಹುಡುಗನಿಗೆ ಆ ಪುಟಗಳು ಬಹಳ ಉದ್ದವಾಗಿ ತೋರುತ್ತಿದ್ದುವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅನುಕರಣವೆಂಬ ಮಾತಿನ ತೊಡಕು ನನಗೆ ಗೊತ್ತಾದುದು ಆಮೇಲೆ. ನಮ್ಮ ಸೀಮೆಯ ಬಯಲಾಟದಲ್ಲಿ ಧರ್ಮರಾಯನ ವೇಷ ಹಾಕಿದವನು ರಾತ್ರಿಯೆಲ್ಲ ಸತ್ಯದ ಮಾತನ್ನಾಡಿ ಜನರ ಕಣ್ಣಲ್ಲಿ ನೀರು ತರಿಸುವನು. ಬೆಳಗಾಗುತ್ತಲೇ ಬಣ್ಣ ತೊಳೆದುಕೊಂಡು ಹೋಗಿ ನೆರೆಯವನ ಹೊಲದ ಬದುವನ್ನು ಒಂದು ಗೇಣು ಒತ್ತುವುದಕ್ಕೆ ಅವನಿಗೆ ಅಡ್ಡಿಯೇನೂ ಇಲ್ಲ. ಅನುಕರಣವೆಂದರೆ ಕಂಡುದನ್ನು ಕಂಡಂತೆ ಆಡಿ ತೋರಿಸುವುದು. ಅನುಸರಣವೆಂದರೆ ಮುಂದೆ ನಡೆದವನ ಹೆಜ್ಜೆ ಹಿಡಿದು, ಅವನು ಹೋದ ಮನೆಗೇ ಹೋಗುವುದು. ಸ್ವಾಮಿ ವಿವೇಕಾನಂದರು 1889ರಲ್ಲಿ ಇದೇ ಗ್ರಂಥದ ಕೆಲವು ಭಾಗಗಳನ್ನು ಬಂಗಾಳಿಗೆ ತಂದಾಗ ಅದಕ್ಕೆ ‘ಈಶಾನುಸರಣ’ವೆಂದು ಹೆಸರಿಟ್ಟರೆಂಬ ಸಂಗತಿಯನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆನು. ಅಷ್ಟರಲ್ಲಿ ಈ ಎರಡು ಮಾತುಗಳ ಅಂತರವನ್ನು, ಪುಸ್ತಕ ಓದಲು ಬಾರದ ನನ್ನ ತಾಯಿ ನನಗೆ ಕಲಿಸಿದ್ದಳು. ಆ ವಿಷಯವನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕತಂಗಿಯರ ಹೊಂಡವನ್ನೂ ನೋಡಿರುವರಷ್ಟೆ. ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಒಂದನ್ನು ತುಂಬಿ, ಕೋಡಿ ಹರಿದು ಕೆಳಗಿನದಕ್ಕೆ ಬಂದು, ಕೊನೆಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಮುಟ್ಟುವಂತೆ ಹಿಂದಿನವರು ಏರ್ಪಡಿಸಿದ್ದರು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಮತ್ತೊಮ್ಮೆ ಕೋಡಿ ಬೀಳುವುದನ್ನು ಕಾಣಲು ಜನರು 2022ರವರೆಗೆ, ಎಂದರೆ 89 ವರ್ಷ, ಕಾಯಬೇಕಾಯಿತು. ಇಂಥ ಸೀಮೆಯಲ್ಲಿ ಒಬ್ಬನ ಹಿತ್ತಿಲಲ್ಲಿ ಸಿಹಿನೀರಿನ ಬಾವಿಯಿದ್ದರೆ ಅವನು ಊರಿಗೆ ದೊಡ್ಡವನೇ ಸರಿ.

ಹೊಳಲ್ಕೆರೆಯ ಕಡೆಯ ಒಂದು ಊರಿನಲ್ಲಿದ್ದ ನಮ್ಮ ಮನೆಗೆ ಅಂಥ ಬಾವಿಯಿತ್ತು. 1972ರಲ್ಲಿ ನಾಡಿಗೆ ನಾಡೇ ಮಳೆಯಿಲ್ಲದೆ ಬಳಲಿತು. ಮರುವರ್ಷದ ಬೇಸಗೆಯ ಹೊತ್ತಿಗೆ ಹೊಸದುರ್ಗದ ದಾರಿಯಲ್ಲಿ ಎಲುಬು ಕಾಣುವ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ದಿನವೂ ನೋಡುತ್ತಿದ್ದೆವು. ನಮ್ಮ ಬಾವಿಯಲ್ಲಿ ಊಟೆ ಸಣ್ಣಗಾಗಿ, ರಾಟೆಯ ಹಗ್ಗಕ್ಕೆ ಎರಡು ಮಾರು ಸೇರಿಸಿ ಕಟ್ಟಬೇಕಾಯಿತು. ಆಗ ತಂದೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಹೊಸದಾಗಿ ಉಪಾಧ್ಯಾಯನಾಗಿದ್ದೆ. ಮನೆಯ ಯಜಮಾನಿಕೆ ನನ್ನದೆಂದು ತಿಳಿದು, ಹಿತ್ತಿಲ ಬಾಗಿಲಿಗೆ ಒಂದು ಬೀಗವನ್ನು ಹಾಕಿದೆನು. ಬೀಗದ ಕೈ ನನ್ನ ಜೇಬಿನಲ್ಲಿರುತ್ತಿತ್ತು. ಬೆಳಿಗ್ಗೆ ಒಂದು ಗಳಿಗೆ ತೆರೆದು, ನಮ್ಮ ಬೀದಿಯ ಮನೆಗಳಿಗೆ ಎರಡೆರಡು ಕೊಡದಂತೆ ಕೊಡುವುದೆಂದು ನಿಯಮ ಮಾಡಿದೆನು. ನಿಯಮವು ನ್ಯಾಯವಾಗಿಯೇ ತೋರುತ್ತಿತ್ತು.

ಆದರೆ ‘ನಮ್ಮ ಬೀದಿ’ ಎಂಬ ಮಾತಿನಲ್ಲಿಯೇ ಅನ್ಯಾಯವು ಅಡಗಿತ್ತು. ಊರ ಕೆಳಗಿನ ಕೇರಿಯವರು ಅದರಲ್ಲಿ ಸೇರಿರಲಿಲ್ಲ. ಅವರಲ್ಲಿ ನಾಲ್ಕಾರು ಮನೆಯವರು ನಮ್ಮ ಸಭೆಯವರೇ. ಪ್ರಭುಭೋಜನದ ದಿನ ಒಂದೇ ರೊಟ್ಟಿಯನ್ನು ಮುರಿದು ಅವರೂ ನಾವೂ ತೆಗೆದುಕೊಳ್ಳುತ್ತಿದ್ದೆವು. ದೀಕ್ಷಾಸ್ನಾನದ ನೀರು ಜಾತಿಯನ್ನು ತೊಳೆದುಹಾಕಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಣೆಯ ಮೇಲಿನದನ್ನು ತೊಳೆದಿರಬಹುದು, ಬಾವಿಯ ಹಗ್ಗದ ಮೇಲೆ ಅದು ಉಳಿದೇ ಇತ್ತು. ಇನ್ನೂ ನಾಚಿಕೆಯ ಮಾತೆಂದರೆ, ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗಿಳಿದು ನೀರು ಕುಡಿದ ಕಥೆಯನ್ನು ಆ ವರ್ಷವೇ ನಾನು ಮಕ್ಕಳಿಗೆ ಆವೇಶದಿಂದ ಪಾಠ ಹೇಳಿದ್ದೆನು.

ಒಂದು ಮಧ್ಯಾಹ್ನ ಆ ಕೇರಿಯ ಮುದುಕಿಯೊಬ್ಬಳು ಬಿಂದಿಗೆ ಹಿಡಿದು ಬಂದಳು. “ಮೇಷ್ಟ್ರೇ, ಒಂದು ಬಿಂದಿಗೆ ಸಾಕು. ಮೊಮ್ಮಗಳಿಗೆ ಮೈ ಕೆಂಡವಾಗಿದೆ” ಎಂದಳು. ಒಬ್ಬರಿಗೆ ತೆರೆದರೆ ಕೇರಿಗೆ ಕೇರಿಯೇ ಬರುವುದೆಂದು ನಾನು ಎಣಿಸಿ, “ಈಗ ಆಗುವುದಿಲ್ಲಮ್ಮ, ನಾಳೆ ನೋಡೋಣ ಹೋಗು” ಎಂದೆನು. ಆಕೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. “ಆಗಲಿ ಬುದ್ಧೀ” ಎಂದು ಹೊರಟುಹೋದಳು. ಅಡಿಗೆಯ ಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿ ಏನೂ ಹೇಳಲಿಲ್ಲ.

ಮರುದಿನ ಬೆಳಗಿನ ಶಾಲೆ ಮುಗಿಸಿಕೊಂಡು ಬಂದು ನೋಡಿದರೆ ಅವ್ವ ಮನೆಯಲ್ಲಿರಲಿಲ್ಲ. ಅಕ್ಕಪಕ್ಕದಲ್ಲಿ ಕೇಳಿದೆ; ಕೆಳಗಿನ ಕೇರಿಯ ಕಡೆಗೆ ಹೋದುದನ್ನು ಕಂಡೆವೆಂದರು. ನಾನು ಹೋಗುವ ವೇಳೆಗೆ ಆಕೆ ಆ ಮುದುಕಿಯ ಮನೆಯ ಜಗಲಿಯ ಮೇಲೆ ಕುಳಿತು, ಅವಳ ಲೋಟದಿಂದ ನೀರು ಕುಡಿಯುತ್ತಿದ್ದಳು. ಪಕ್ಕದಲ್ಲಿ ಜ್ವರದ ಹುಡುಗಿ ಚಾಪೆಯ ಮೇಲೆ ಮಲಗಿತ್ತು. ಅವ್ವ ಅಲ್ಲಿಗೆ ನೀರು ಕೊಡಲು ಹೋಗಿರಲಿಲ್ಲ. ಕೊಡುವುದಕ್ಕೆ ಬೀಗದ ಕೈ ಆಕೆಯ ಹತ್ತಿರ ಇರಲಿಲ್ಲ. ಬಿಸಿಲಲ್ಲಿ ನಡೆದು ಹೋಗಿ, “ಬಾಯಾರಿಕೆಯಾಗಿದೆ, ಒಂದಿಷ್ಟು ನೀರು ಕೊಡೇ ತಾಯಿ” ಎಂದು ಕೇಳಿ ಕುಳಿತಿದ್ದಳು. ನನ್ನನ್ನು ಕಂಡು ಮುದುಕಿ ಎದ್ದು ನಿಂತು, ಅನುಮಾನಿಸುತ್ತ, “ಮೇಷ್ಟ್ರಿಗೂ ಕೊಡಲೇನಮ್ಮಾ?” ಎಂದಳು. “ಅವನನ್ನೇ ಕೇಳು” ಎಂದಳು ಅವ್ವ.

ನಾನು ಕುಡಿದೆನು. ಎಲ್ಲಿಯೋ ದೂರದ ಹೊಲದ ಬಾವಿಯಿಂದ ಹೊತ್ತು ತಂದ ನೀರು, ಸ್ವಲ್ಪ ಉಪ್ಪಾಗಿತ್ತು. ಹಿಂದಿನ ದಿನ ಯಾರಿಗೆ ಇಲ್ಲವೆಂದೆನೋ ಅವರ ಕೈಯಿಂದ ಲೋಟ ತೆಗೆದುಕೊಳ್ಳುವುದೆಂದರೆ ಏನೆಂಬುದು, ಅನುಭವಿಸಿದವರಿಗೆ ತಿಳಿದೀತು. ಒಂದು ಬಿಂದಿಗೆ ನೀರನ್ನು ದಾನ ಮಾಡಿದ್ದರೆ ನಾನು ದಾನಿಯಾಗಿಯೇ ಉಳಿಯುತ್ತಿದ್ದೆನು. ಆಕೆ ‘ಬುದ್ಧೀ’ ಎನ್ನುವುದೂ ಉಳಿಯುತ್ತಿತ್ತು.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ನಾನು ಬಾಲ್ಯದಿಂದ ಕೇಳಿದ್ದೆನು. ಯೇಸುಸ್ವಾಮಿಯು ನಡೆದು ದಣಿದು, ನಡುಹಗಲಲ್ಲಿ ಸಮಾರ್ಯದ ಒಂದು ಊರ ಹೊರಗೆ ಯಾಕೋಬನ ಬಾವಿಯ ಬಳಿ ಕುಳಿತುಕೊಳ್ಳುವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಪಾತ್ರೆಪಡಗದ ಬಳಕೆ ಇಲ್ಲದ ಕಾಲವದು. ಸೇದುವುದಕ್ಕೆ ಆತನ ಹತ್ತಿರ ಕೊಡವೂ ಇಲ್ಲ. ನೀರಿಗೆ ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ನೀರು ಕೇಳುವನು. ಜೀವಜಲದ ಉಪದೇಶವೆಲ್ಲ ಆಮೇಲಿನದು. ಮೊದಲು ಬಂದುದು ಬೇಡಿಕೆ. ಇದನ್ನು ನಾನು ಎಷ್ಟು ಸಲ ಓದಿದರೂ ಬೇಡಿಕೆಯನ್ನು ದಾಟಿ ಉಪದೇಶಕ್ಕೆ ಹೋಗಿಬಿಡುತ್ತಿದ್ದೆನು. ಉಪದೇಶವನ್ನು ಅನುಕರಿಸುವುದು ಉಪಾಧ್ಯಾಯನಿಗೆ ಸುಲಭ. ಅಕ್ಷರ ಬಾರದ ಅವ್ವ ಕಿವಿಯಿಂದ ಕೇಳಿದ ಕಥೆಯಲ್ಲಿ, ಆತನು ಕುಳಿತ ಜಾಗವನ್ನು ಸರಿಯಾಗಿ ಗುರುತಿಟ್ಟುಕೊಂಡಿದ್ದಳು.

ಅಂದೇ ಬೀಗ ತೆಗೆದೆನೆಂದು ಬರೆಯಲು ನನಗೆ ಆಸೆ. ಆದರೆ ಅದು ಸುಳ್ಳಾದೀತು. ಬೀದಿಯವರು ಏನೆಂದುಕೊಳ್ಳುವರೋ ಎಂದು ಮೂರು ದಿನ ಹಿಂದುಮುಂದು ನೋಡಿದೆನು. ಆ ಮೂರು ದಿನವೂ ಅವ್ವ ಮನೆಯ ನೀರು ಕುಡಿಯದೆ ಕೇರಿಗೆ ಹೋಗಿ ಬಂದಳು. ನಾಲ್ಕನೆಯ ದಿನ ಶುಭ ಶುಕ್ರವಾರ. ಬಾವಿಯ ಬಳಿ ನೀರು ಕೇಳಿದಾತನೇ ಶಿಲುಬೆಯ ಮೇಲೆಯೂ ಬಾಯಾರಿಕೆಯೆಂದು ಹೇಳಿದನೆಂಬ ಮಾತು ಆರಾಧನೆಯಲ್ಲಿ ಬಂದಾಗ, ಜೇಬಿನೊಳಗಣ ಬೀಗದ ಕೈ ನನ್ನ ಬೆರಳಿಗೆ ತಾಕಿತು. ಮನೆಗೆ ಬಂದು ಬಾಗಿಲು ತೆರೆದೆನು. ನಮ್ಮ ಬೀದಿಯ ಎರಡು ಮನೆಯವರು ಅಂದಿನಿಂದ ನಮ್ಮ ಬಾವಿಗೆ ಬರುವುದನ್ನು ಬಿಟ್ಟರು.

ಹತ್ತು ದಿನದಲ್ಲಿ ಬಾವಿಯೂ ಬತ್ತಿತು. ತೆರೆದುದರಿಂದ ಬತ್ತಿತೆಂದು ಬೀದಿಯವರು ಆಡಿಕೊಂಡರು, ನಿಜವಿದ್ದರೂ ಇರಬಹುದು. ಮುಂಗಾರು ಇಳಿಯುವವರೆಗೆ ಮೇಲಿನ ಬೀದಿಯವರೂ ಕೆಳಗಿನ ಕೇರಿಯವರೂ ಅದೇ ದೂರದ ಬಾವಿಯ ಉಪ್ಪುನೀರನ್ನು ಹೊತ್ತೆವು. ದಾರಿಯನ್ನು ತೋರಿಸಿದವಳು ಆ ಮುದುಕಿಯೇ. ಮೊಮ್ಮಗಳು ಗುಣ ಹೊಂದಿದಳೆಂಬುದನ್ನೂ ಹೇಳಬೇಕು. ಹಾಗಾಗದಿದ್ದರೆ ಈ ಲೇಖನವನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಈಗ ಆ ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದೆ, ಮನೆಯೊಳಗೆ ನಲ್ಲಿಯಿದೆ. 1950ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನವು 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 15ನೆಯದರಲ್ಲಿ ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಎಲ್ಲರಿಗೂ ತೆರೆದಿದೆ. ಆದರೆ ಅಡಿಗೆಯ ಮನೆಯ ಗೂಡಿನವರೆಗೆ ಕಾನೂನು ಬಂದು ನೋಡುವುದಿಲ್ಲ. ಈ ಲೇಖನವನ್ನು ಬರೆಯಲು ಕುಳಿತ ವಾರ, ನಮ್ಮ ಮನೆಯ ಹಿಂಬಾಗಿಲ ಗೂಡಿನಲ್ಲಿ ಸ್ಟೀಲಿನ ಲೋಟವೊಂದು ಬೋರಲು ಹಾಕಿದ್ದುದು ಕಣ್ಣಿಗೆ ಬಿತ್ತು. ಪಾತ್ರೆ ತೊಳೆಯಲು ಬರುವಾಕೆಗೆಂದು ಅದನ್ನು ಬೇರೆ ಇಟ್ಟಿದ್ದಾರೆ. ಯಾರು ಇಟ್ಟರು, ಎಂದಿನಿಂದ ಅದು ಅಲ್ಲಿದೆ ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನಾನು ದಿನವೂ ಆ ಗೂಡಿನ ಮುಂದೆ ಓಡಾಡಿದವನೇ.

ಮರುದಿನ ಆಕೆ ಕಾಫಿ ಕುಡಿದು ತೊಳೆದಿಟ್ಟ ಆ ಲೋಟವನ್ನೇ ತೆಗೆದುಕೊಂಡು, ನನಗೂ ಅದರಲ್ಲಿಯೇ ನೀರು ಕೊಡಮ್ಮ ಎಂದು ಕೇಳಿದೆನು. ಆಕೆ ನನ್ನ ಸೊಸೆಯ ಮುಖವನ್ನು ನೋಡಿದಳು. ಐವತ್ತು ವರ್ಷದ ಹಿಂದೆ ಆ ಜಗಲಿಯ ಮೇಲೆ ಕಂಡ ಅನುಮಾನವೇ ಆಕೆಯ ಕಣ್ಣಿನಲ್ಲಿತ್ತು. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಲೋಟವನ್ನು ತೆಗೆದುಕೊಂಡು ಹೋಗಿ ಒಳಗಿನ ಲೋಟಗಳ ಜೊತೆಗೆ ಸೇರಿಸಿದಳು. ಈಗ ಅದು ಯಾವುದೆಂದು ನನಗೂ ಗುರುತು ಸಿಕ್ಕುವುದಿಲ್ಲ.