ರೋಮಿನ ಮೇಲಣ ಮೋಹ

ರೋಮನರ ಚರಿತ್ರೆಯನ್ನು ಹಿಡಿದು ಕುಳಿತವರನ್ನು ಕಂಡರೆ ನೆರೆಹೊರೆಯವರಿಗೆ ಒಂದು ಬಗೆಯ ಕನಿಕರ. “ಎಲ್ಲಿಯ ರೋಮು, ಎಲ್ಲಿಯ ನೀವು! ಅವರ ಸಾಮ್ರಾಜ್ಯ ಮುಳುಗಿ ಸಾವಿರದೈನೂರು ವರ್ಷ ಕಳೆಯಿತು. ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕಾಗಿದೆ?” ಎಂದು ನಮ್ಮನ್ನು ಕೇಳದವರಿಲ್ಲ. ಇದಕ್ಕೆ ಮರ್ಯಾದೆಯ ಉತ್ತರವೊಂದು ನಮ್ಮ ಬಳಿ ಸಿದ್ಧವಾಗಿಯೇ ಇದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ನೆಲದಲ್ಲಿ ರೋಮನರ ಬೆಳ್ಳಿಯ ನಾಣ್ಯಗಳ ನಿಧಿ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅವರ ಚಕ್ರವರ್ತಿಗಳ ಮುದ್ರೆಯುಳ್ಳ ನಾಣ್ಯಗಳು ಸಿಕ್ಕಿವೆ. ಇಷ್ಟು ಹೇಳಿದರೆ ಕೇಳಿದವರು ತಲೆದೂಗಿ ಸುಮ್ಮನಾಗುತ್ತಾರೆ. ಆದರೆ ನಿಜವನ್ನು ಹೇಳಬೇಕಾದರೆ, ನಾಣ್ಯಗಳ ದೆಸೆಯಿಂದ ನಾವು ರೋಮಿನ ಕಡೆಗೆ ತಿರುಗಿದವರಲ್ಲ. ಮೊದಲು ಮೋಹ ಹುಟ್ಟಿತು. ನಾಣ್ಯಗಳ ನೆವ ಆಮೇಲೆ ದೊರೆಯಿತು.

ನಾವೆಂದರೆ ನಮ್ಮ ಮನೆಯವರು, ಹಾಗೂ ಇದೇ ಗೀಳು ಹಿಡಿದ ಮೂರು ನಾಲ್ಕು ಮಂದಿ ಮಿತ್ರರು. ನಮ್ಮಲ್ಲಿ ಪಂಡಿತರು ಯಾರೂ ಇಲ್ಲ. ಲ್ಯಾಟಿನ್ ಭಾಷೆ ನಮಗೆ ಬಾರದು. ಇಂಗ್ಲಿಷಿನ ಅನುವಾದಗಳೇ ಗತಿ. ತಿಂಗಳಿಗೊಮ್ಮೆ ಒಂದೆಡೆ ಕಲೆತು, ಓದಿದ್ದನ್ನು ಹೇಳಿಕೊಂಡು, ಕಾಫಿ ಕುಡಿದು, ಒಬ್ಬರ ಮಾತನ್ನೊಬ್ಬರು ಖಂಡಿಸಿ ಎದ್ದುಹೋಗುತ್ತೇವೆ. ಲೋಕಕ್ಕೆ ಇದರಿಂದ ಉಪಕಾರವಿಲ್ಲ. ಅಪಕಾರವೂ ಇಲ್ಲವೆಂದು ನಂಬಿದ್ದೇವೆ.

ನಮ್ಮಂಥವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ತಿಳಿದರೆ ವಾಚಕರಿಗೆ ಅಚ್ಚರಿಯಾದೀತು. ಈ ಮನೆತನಕ್ಕೆ ಮೂಲಪುರುಷನೆನ್ನಬಹುದಾದ ಗಿಬ್ಬನ್ ಮಹಾಶಯನು ಯಾವ ವಿದ್ಯಾಪೀಠದಲ್ಲಿಯೂ ಅಧ್ಯಾಪಕನಾಗಿದ್ದವನಲ್ಲ. 1764ರ ಅಕ್ಟೋಬರ್ 15ರಂದು ರೋಮಿನ ಹಾಳು ಕಟ್ಟಡಗಳ ನಡುವೆ ಕುಳಿತಿದ್ದಾಗ ಆ ನಗರದ ಪತನದ ಕಥೆಯನ್ನು ಬರೆಯಬೇಕೆಂಬ ಸಂಕಲ್ಪ ತನ್ನಲ್ಲಿ ಹುಟ್ಟಿತೆಂದು ಅವನೇ ಹೇಳಿಕೊಂಡಿದ್ದಾನೆ. ಗ್ರಂಥ ಮುಗಿಯುವ ಹೊತ್ತಿಗೆ ಇಪ್ಪತ್ತಮೂರು ವರ್ಷಗಳಾಗಿದ್ದುವು. ಇಂಗ್ಲೆಂಡಿನಲ್ಲಿ ಎರ್ಮಿನ್ ಸ್ಟ್ರೀಟ್ ಗಾರ್ಡ್ ಎಂಬ ಮಂಡಲಿಯವರು 1972ರಿಂದ ರೋಮನ್ ಸಿಪಾಯಿಗಳ ಕವಚ, ಶಿರಸ್ತ್ರಾಣ, ಗುರಾಣಿಗಳನ್ನು ಅಗೆತದಲ್ಲಿ ದೊರೆತ ಮಾದರಿಗಳಂತೆಯೇ ಮಾಡಿ, ತೊಟ್ಟು, ನಡೆದು ನೋಡುತ್ತಾ ಬಂದಿದ್ದಾರೆ. ಫಿನ್ಲೆಂಡಿನ ಆಕಾಶವಾಣಿಯಂತೂ 1989ರಿಂದ 2019ರವರೆಗೆ, ಮೂವತ್ತು ವರ್ಷ, ಲೋಕವಾರ್ತೆಯನ್ನು ವಾರಕ್ಕೊಮ್ಮೆ ಲ್ಯಾಟಿನ್ ಭಾಷೆಯಲ್ಲಿ ಓದಿಸಿತು. ಸತ್ತ ಭಾಷೆಯಲ್ಲಿ ಅಂದಂದಿನ ಸುದ್ದಿ! ಈ ಹುಚ್ಚಿಗೆ ಯಾರು ತಾನೇ ಕೈಮುಗಿಯದೆ ಇದ್ದಾರು?

ಇದೇ ಮೋಹಕ್ಕೆ ಇನ್ನೊಂದು ಮುಖವೂ ಉಂಟು. 1937ರಲ್ಲಿ ಅಗಸ್ಟಸನ ಎರಡು ಸಾವಿರದ ಜನ್ಮವರ್ಷದ ನೆವದಿಂದ ಮುಸ್ಸೋಲಿನಿಯು ರೋಮಿನಲ್ಲಿ ಭಾರಿ ಪ್ರದರ್ಶನವೊಂದನ್ನು ನಡೆಸಿ, ಆ ಚಕ್ರವರ್ತಿಯ ವೈಭವಕ್ಕೆ ತಾನೇ ವಾರಸುದಾರನೆಂಬಂತೆ ಮೆರೆದನು. ಅದರ ಫಲವನ್ನು ಲೋಕವು ಉಂಡಿದೆ. ದಂಡು, ರಾಜಮಾರ್ಗ, ವಿಜಯೋತ್ಸವ ಎಂದು ಹಾಡುತ್ತಾ ಹೋದವರು ದಂಡದ ಪೂಜೆಯಲ್ಲಿಯೇ ನಿಲ್ಲುವುದು ಸುಲಭ.

ನಮ್ಮನ್ನು ಹಿಡಿದಿಟ್ಟದ್ದು ಚಕ್ರವರ್ತಿಗಳಿಗಿಂತ ಹೆಚ್ಚಾಗಿ ಮನೆಗಳು. ಬ್ರಿಟನ್ನಿನ ಉತ್ತರದ ಗಡಿಯಲ್ಲಿ ವಿಂಡೊಲಾಂಡಾ ಎಂಬುದೊಂದು ರೋಮನ್ ಠಾಣ್ಯವಿತ್ತು. ಇಂದಿಗೂ ಅಗೆತದ ಕಾಲ ಬಂದಾಗ ನಾನಾ ಕಸುಬಿನ ಜನ ತಾವಾಗಿ ಅಲ್ಲಿಗೆ ಹೋಗಿ ಮಣ್ಣು ಬಗೆಯುತ್ತಾರೆ. 1973ರಲ್ಲಿ ರಾಬಿನ್ ಬರ್ಲಿ ಎಂಬುವರಿಗೆ ಅಲ್ಲಿಯ ಹಸಿಮಣ್ಣಿನಲ್ಲಿ ತೆಳ್ಳನೆಯ ಮರದ ಹಲ್ಲೆಗಳು ದೊರೆತುವು. ಅವುಗಳ ಮೇಲೆ ಮಸಿಯ ಬರಹವಿತ್ತು. ಮುಂದಿನ ವರ್ಷಗಳಲ್ಲಿ ಹೀಗೆಯೇ ನೂರಾರು ಹಲ್ಲೆಗಳು ಬೆಳಕಿಗೆ ಬಂದುವು. ಒಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಚಪ್ಪಲಿ, ಒಳಉಡುಪು ಕಳುಹಿಸಿದ ಲೆಕ್ಕ. ಇನ್ನೊಂದರಲ್ಲಿ, ಕ್ರಿ. ಶ. 100ರ ಸುಮಾರಿಗೆ, ಕ್ಲಾಡಿಯಾ ಸೆವೆರಾ ಎಂಬ ಅಧಿಕಾರಿಯ ಪತ್ನಿಯು ಸೆಪ್ಟೆಂಬರ್ 11ಕ್ಕೆ ತನ್ನ ಹುಟ್ಟುಹಬ್ಬವೆಂದೂ ಬರಲೇಬೇಕೆಂದೂ ಗೆಳತಿ ಲೆಪಿಡಿನಾಳನ್ನು ಕರೆದಿದ್ದಾಳೆ. ಕಾಗದದ ಒಡಲನ್ನು ಬರೆದವನು ಗುಮಾಸ್ತೆ; ಕೊನೆಯ ಪ್ರೀತಿಯ ಮಾತುಗಳನ್ನು ಮಾತ್ರ ಆಕೆ ತನ್ನ ಕೈಯಿಂದಲೇ, ಅಷ್ಟೇನೂ ದುಂಡಾಗಿಲ್ಲದ ಅಕ್ಷರಗಳಲ್ಲಿ ಬರೆದಿದ್ದಾಳೆ. ಹೆಣ್ಣೊಬ್ಬಳು ಲ್ಯಾಟಿನಿನಲ್ಲಿ ಕೈಯಾರೆ ಬರೆದುದೆಂದು ನಮಗೆ ತಿಳಿದಿರುವ ಬರಹಗಳಲ್ಲಿ ಅತಿ ಪ್ರಾಚೀನವಾದವುಗಳ ಸಾಲಿಗೆ ಇದು ಸೇರುತ್ತದೆ. ಸೀಜರನ ಯುದ್ಧವರ್ಣನೆಯನ್ನು ಓದಿ ಮರೆತ ನಮ್ಮ ಮನೆಯವರು ಈ ಆಮಂತ್ರಣವನ್ನು ಮರೆತಿಲ್ಲ.

ಮನೆವಾರ್ತೆಯನ್ನು ಬಲ್ಲವರಿಗೆ ಚರಿತ್ರೆಯಲ್ಲಿ ಏನು ಕೆಲಸವೆಂದು ಕೇಳುವವರಿಗೆ ನಾವು ಹೇಳುವ ಕಥೆಯೊಂದಿದೆ. ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ ಜಾನೆಟ್ ಸ್ಟೀಫನ್ಸ್ ಎಂಬ ಮಹಿಳೆಯದು ತಲೆಗೂದಲನ್ನು ಕತ್ತರಿಸಿ ಸಿಂಗರಿಸುವ ಕಸುಬು. 2001ರಲ್ಲಿ ಆಕೆ ಅಲ್ಲಿಯ ವಾಲ್ಟರ್ಸ್ ವಸ್ತುಸಂಗ್ರಹಾಲಯದಲ್ಲಿ ಜೂಲಿಯಾ ಡೊಮ್ನಾ ಎಂಬ ಮಹಾರಾಣಿಯ ಶಿಲ್ಪವನ್ನು ಕಂಡರು. ಉಳಿದವರು ಮುಖವನ್ನು ನೋಡಿ ಮುಂದೆ ಸರಿದರೆ, ಈಕೆ ಬೆನ್ನ ಕಡೆಗೆ ಹೋಗಿ ಮುಡಿಯನ್ನು ನೋಡಿದರು. ಆ ಹೆಣಿಗೆಯನ್ನು ಮನೆಯಲ್ಲಿ ಕಟ್ಟಲು ಯತ್ನಿಸಿದರೆ ಯಾವ ಪಿನ್ನಿಗೂ ಅದು ನಿಲ್ಲಲಿಲ್ಲ. ಇಂಥ ಮುಡಿಗಳೆಲ್ಲ ಕೃತಕವಾದ ಟೋಪನ್ನುಗಳಿರಬೇಕೆಂದು ಎಷ್ಟೋ ವಿದ್ವಾಂಸರು ಬರೆದಿದ್ದರು. ಪ್ರಾಚೀನ ಗ್ರಂಥಗಳಲ್ಲಿ ಕೇಶಾಲಂಕಾರದ ಮಾತು ಬಂದಾಗ ‘ಆಕುಸ್’ ಎಂಬ ಪದವಿದೆ. ಅದನ್ನು ಅವರು ಕೂದಲ ಪಿನ್ನು ಎಂದು ಅರ್ಥ ಮಾಡಿದ್ದರು. ಈಕೆ ನಿಘಂಟುಗಳನ್ನು ತಡಕಾಡಿದಾಗ ಆ ಪದಕ್ಕೆ ಹೊಲಿಗೆಯ ಸೂಜಿಯೆಂಬ ಅರ್ಥವೂ ಇರುವುದು ಕಂಡಿತು. ಸೂಜಿದಾರಗಳಿಂದ ಜಡೆಗಳನ್ನು ಹೊಲಿದು ನೋಡಿದರು, ಮುಡಿ ನಿಂತಿತು. ವರ್ಷಗಟ್ಟಲೆ ಪ್ರಯೋಗ ನಡೆಸಿ ಬರೆದ ಅವರ ಲೇಖನವನ್ನು ರೋಮನ್ ಪ್ರಾಕ್ತನ ವಿದ್ವಾಂಸರ ಪತ್ರಿಕೆಯೊಂದು 2008ರಲ್ಲಿ ಪ್ರಕಟಿಸಿತು.

ಇದನ್ನು ನಾವು ಬಲು ಸಂಭ್ರಮದಿಂದ ಓದಿ ಹೇಳುತ್ತಿದ್ದಾಗ, ಒಳಗೆ ಹೂ ಕಟ್ಟುತ್ತಿದ್ದ ನಮ್ಮ ಅತ್ತಿಗೆಯವರು ತಲೆಯೆತ್ತದೆಯೇ, “ಇದೇನು ಹೊಸದು? ಮೊಗ್ಗಿನ ಜಡೆಯನ್ನು ನಾವು ಮತ್ತೆ ಹೇಗೆ ಹಾಕುತ್ತೇವಂತೆ? ಸೂಜಿದಾರ ಹಿಡಿದು ಹೊಲಿಯದಿದ್ದರೆ ಹೆಣ್ಣು ಧಾರೆಮಂಟಪಕ್ಕೆ ಬರುವುದರೊಳಗೆ ಮೊಗ್ಗೆಲ್ಲ ನೆಲಕ್ಕೆ!” ಎಂದರು. ನಮ್ಮ ಗೋಷ್ಠಿಯ ಗಂಡಸರು ಮುಖ ಮುಖ ನೋಡಿಕೊಂಡರು. ಯೂರೋಪಿನ ವಿದ್ವಾಂಸರಲ್ಲೊಬ್ಬರು ಮದುವೆಗೆ ಮುಂಚಿನ ಮುಂಜಾನೆ ನಮ್ಮ ಕಡೆಯ ಯಾವುದಾದರೂ ಮನೆಯ ನಡುಮನೆಯಲ್ಲಿ ಕುಳಿತಿದ್ದರೆ ಟೋಪನ್ನಿನ ಮಾತೇ ಬರುತ್ತಿರಲಿಲ್ಲವೆಂದು ತೋರುತ್ತದೆ.

ಆದರೆ ಅತ್ತಿಗೆಯವರು ಅಷ್ಟಕ್ಕೇ ಬಿಡಲಿಲ್ಲ. “ಅದಿರಲಿ; ಆ ರಾಣಿಗೆ ದಿನದಿನವೂ ಜಡೆ ಹೊಲಿಯುತ್ತಿದ್ದವಳು ಯಾರು?” ಎಂದು ಕೇಳಿದರು. ಅಂದಿನಿಂದ ನಮ್ಮ ಓದಿಗೆ ಇನ್ನೊಂದು ದಾರಿ ತೆರೆಯಿತೆನ್ನಬೇಕು.

ಹೊಲಿಯುತ್ತಿದ್ದವಳನ್ನು ರೋಮನರು ‘ಓರ್ನಾಟ್ರಿಕ್ಸ್’ ಎನ್ನುತ್ತಿದ್ದರು, ಸಿಂಗರಿಸುವವಳು ಎಂದರ್ಥ. ಅವಳು ಸಾಮಾನ್ಯವಾಗಿ ಕೊಂಡು ತಂದ ಗುಲಾಮಳು, ಅಥವಾ ಹಿಂದೆ ಗುಲಾಮಳಾಗಿದ್ದು ಬಿಡುಗಡೆ ಹೊಂದಿದವಳು. ಗುಂಗುರೊಂದು ಹೆಚ್ಚು ಮೇಲಕ್ಕೆ ನಿಂತಿತೆಂದು ಒಡತಿಯು ಅವಳಿಗೆ ಬಾರುಕೋಲಿನಿಂದ ಹೊಡೆಯುವ ನೋಟವನ್ನು ಜುವೆನಾಲ್ ಕವಿ ತನ್ನ ವಿಡಂಬನೆಯಲ್ಲಿ ಚಿತ್ರಿಸಿದ್ದಾನೆ. ಸಿಸೆರೋವಿನ ಕಾಗದಗಳನ್ನು ನಾವು ಹಿಂದೆಯೂ ಓದಿದ್ದೆವು. ಈಗ ಮತ್ತೆ ತೆರೆದೆವು. ಗುಲಾಮನಾಗಿದ್ದು ಕ್ರಿ. ಪೂ. 53ರಲ್ಲಿ ಬಿಡುಗಡೆ ಹೊಂದಿದ ಟೈರೋ ಎಂಬ ಲಿಪಿಕಾರನು ಪ್ರವಾಸದಲ್ಲಿ ಕಾಯಿಲೆ ಬಿದ್ದಾಗ, ವೈದ್ಯರಿಗೆ ಖರ್ಚಾಗುವುದೆಂದು ಹಿಂಜರಿಯಬೇಡ, ಅವಸರದಿಂದ ಹೊರಟು ಬರಬೇಡ ಎಂದು ಆ ಮಹಾವಾಗ್ಮಿಯು ಮನೆಮಗನಿಗೆಂಬಂತೆ ಮತ್ತೆ ಮತ್ತೆ ಬರೆಯುತ್ತಾನೆ. ಕಣ್ಣು ತೇವಗೊಳ್ಳುವಂಥ ಕಾಗದಗಳವು. ಅದೇ ಸಿಸೆರೋವಿನ ಪುಸ್ತಕಭಂಡಾರವನ್ನು ನೋಡಿಕೊಳ್ಳುತ್ತಿದ್ದ ದಿಯೊನೀಸಿಯಸ್ ಎಂಬ ಗುಲಾಮನು ಕೆಲವು ಗ್ರಂಥಗಳನ್ನು ಕದ್ದು ಸಮುದ್ರದಾಚೆಯ ಇಲ್ಲಿರಿಕಕ್ಕೆ ಓಡಿಹೋದಾಗ, ಅವನನ್ನು ಹಿಡಿಸಿಕೊಡಿರೆಂದು ಅಲ್ಲಿಯ ಸೇನಾಧಿಪತಿಗಳಿಗೆ ಬರೆದವನೂ ಅವನೇ.

ಈ ಮಾತು ಬಂದಾಗ ನಮ್ಮಲ್ಲಿ ಹಿರಿಯರಾದ ಮಿತ್ರರೊಬ್ಬರಿಗೆ ತುಸು ಬೇಸರವಾಯಿತು. ದಾಸ್ಯವು ಆ ಕಾಲದಲ್ಲಿ ಅನೇಕ ದೇಶಗಳಲ್ಲಿತ್ತು. ಇಂದಿನ ಕಣ್ಣಿನಿಂದ ಅಂದಿನವರನ್ನು ಅಳೆಯುವುದು ನ್ಯಾಯವಲ್ಲ. ಹೀಗೆ ಕೆದಕುತ್ತಾ ಹೋದರೆ ಪ್ರಾಚೀನರಲ್ಲಿ ಆನಂದಪಡುವುದಕ್ಕೆ ಏನು ಉಳಿದೀತು, ಎಂದು ಅವರ ಆಕ್ಷೇಪ. ಮಾತು ತೂಕವುಳ್ಳದ್ದೇ. ಆದರೆ ದಿಯೊನೀಸಿಯಸ್ ಕೂಡ ಆ ಕಾಲದವನೇ ಅಲ್ಲವೆ? ಇಂದಿನ ಕಣ್ಣನ್ನು ಅವನಿಗೆ ಯಾರೂ ಎರವು ಕೊಟ್ಟಿರಲಿಲ್ಲ. ದಾಸ್ಯದ ವಿಷಯದಲ್ಲಿ ಅವನ ಅಭಿಪ್ರಾಯವೇನಿತ್ತೆಂಬುದನ್ನು ಅವನ ಕಾಲುಗಳೇ ಹೇಳಿವೆ. ಅವನ ಸಾಕ್ಷ್ಯವನ್ನು ಬಿಟ್ಟು ಸಿಸೆರೋವಿನ ಸಾಕ್ಷ್ಯವನ್ನು ಮಾತ್ರ ತೆಗೆದುಕೊಂಡರೆ ಅದು ಅಂದಿನ ಕಣ್ಣೂ ಅಲ್ಲ; ಅಂದಿನ ಒಡೆಯರ ಕಣ್ಣು. ಮಿತ್ರರು ಇದನ್ನು ಒಪ್ಪಿದರೆಂದು ಹೇಳಲಾರೆವು. ಮುಂದಿನ ತಿಂಗಳು ಬರುವಾಗ ಪೊಂಪೇಯಿಯ ಮೇಲಣ ಪುಸ್ತಕವೊಂದನ್ನು ತಂದರು.

ವೆಸೂವಿಯಸ್ ಪರ್ವತವು ಕ್ರಿ. ಶ. 79ರಲ್ಲಿ ಬೆಂಕಿಯುಗುಳಿ ಹೂಳಿದ ಆ ನಗರವನ್ನು 1748ರಿಂದ ಅಗೆಯುತ್ತಿದ್ದಾರೆ; ಇನ್ನೂ ಮುಗಿದಿಲ್ಲ. 2023ರಲ್ಲಿ ಅಲ್ಲಿ ರೊಟ್ಟಿ ಮಾಡುವ ಮನೆಯೊಂದು ಹೊರಬಿದ್ದಿತು. ಇಕ್ಕಟ್ಟಾದ ಕೋಣೆ, ಹೊರಗಡೆಗೆ ನೋಟವಿಲ್ಲ, ಇದ್ದ ಸಣ್ಣ ಕಿಟಕಿಗಳಿಗೂ ಕಬ್ಬಿಣದ ಸರಳುಗಳು. ಬೀಸುವ ಕಲ್ಲನ್ನು ಸುತ್ತುವ ಕತ್ತೆಗಳು ಒಂದಕ್ಕೊಂದು ತಗುಲದಂತೆ ನೆಲದ ಹಾಸುಗಲ್ಲಿನಲ್ಲಿ ಗುರುತುಗಳನ್ನು ಕೊರೆದಿದ್ದರು. ಕತ್ತೆಗಳೊಡನೆ ಮನುಷ್ಯರನ್ನೂ ಅಲ್ಲಿ ಕೂಡಿಹಾಕಿದ್ದರೆಂದು ಅಗೆದವರು ಹೇಳುತ್ತಾರೆ. ಅದೇ ಬೆಂಕಿಯಲ್ಲಿ ಮುಚ್ಚಿಹೋದ ಹರ್ಕ್ಯುಲೇನಿಯಂ ಎಂಬ ನೆರೆಯೂರಿನಲ್ಲಿ ಸುಟ್ಟು ಕರಕಾಗಿಯೂ ಆಕಾರ ಕೆಡದ ರೊಟ್ಟಿಯೊಂದು ಸಿಕ್ಕಿದೆ. ಗುಂಡಗೆ, ಎಂಟು ಭಾಗವಾಗಿ ಗೆರೆಯೆಳೆದುದು. ಅದರ ಮೇಲೆ ಒತ್ತಿದ ಮುದ್ರೆಯಲ್ಲಿ ಇಬ್ಬರ ಹೆಸರುಗಳಿವೆ: ಕ್ವಿಂಟಸ್ ಗ್ರಾನಿಯಸ್ ವೆರಸ್ ಎಂಬುವನ ಗುಲಾಮನಾದ ಸೆಲೆರನದು ಎಂದು. ಆ ರೊಟ್ಟಿಯ ಚಿತ್ರವನ್ನು ನಮ್ಮ ಅತ್ತಿಗೆಯವರು ಬಹಳ ಹೊತ್ತು ನೋಡಿದರು. ಹಿಟ್ಟನ್ನು ಎಷ್ಟು ನಾದಿದ್ದಾನೆಂಬುದು ಅವರಿಗೆ ಗೊತ್ತಾಯಿತಂತೆ.

ಸಿಂಗರಿಸುವವಳ ಸುಳಿವೂ ನಮಗೆ ದೊರೆಯಿತು. ರೋಮ್ ನಗರದ ಸಮಾಧಿಯ ಕಲ್ಲುಗಳಲ್ಲಿ ಇಂಥವರ ಹೆಸರುಗಳು ಅಲ್ಲಲ್ಲಿ ಇವೆ. ಅವುಗಳಲ್ಲಿ ಒಂದು ಚಿಕ್ಕ ಕಲ್ಲು, ಕೆಲವೇ ಮಾತುಗಳದು. ಸತ್ತವಳು ಪ್ಸಾಮಟೆ, ಫುರಿಯಾ ಎಂಬವಳ ತಲೆ ಬಾಚುತ್ತಿದ್ದ ಹುಡುಗಿ. ಬದುಕಿದ್ದು 19 ವರ್ಷ. ಕಲ್ಲನ್ನು ಹಾಕಿಸಿದವನು ಒಡತಿಯಲ್ಲ. ಮಿತ್ರೊಡಾಟೆಸ್ ಎಂಬವನು, ಮತ್ತೊಬ್ಬ ಯಜಮಾನನ ಮನೆಯಲ್ಲಿ ರೊಟ್ಟಿ ಸುಡುತ್ತಿದ್ದವನು.