ಭವಿಷ್ಯದ ಎಲೆಗಳಿಗೆ ಭೂತಕನ್ನಡಿ

ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ ಪ್ರಸಿದ್ಧ ಕಟ್ಟೊಂದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅದರ 78 ಚಿತ್ರಗಳನ್ನು ಬರೆದಾಕೆ ಪಮೇಲಾ ಕೋಲ್ಮನ್ ಸ್ಮಿತ್. ಆದರೆ ಜನ ಅದನ್ನು ಕರೆದದ್ದು ಪ್ರಕಾಶಕ ರೈಡರ್ ಮತ್ತು ಯೋಜಕ ವೇಟ್ ಅವರ ಹೆಸರಿನಿಂದ. ಆಕೆಗೆ ದಕ್ಕಿದ್ದು ಎಲೆಯ ಮೂಲೆಯ ಪುಟ್ಟ ಸಹಿ ಮಾತ್ರ. 1951ರಲ್ಲಿ ಸಾಲ ಉಳಿಸಿಯೇ ತೀರಿಕೊಂಡಳು.

ಇದರ ಹಳೆಯ ಮುದ್ರಣಗಳನ್ನು ಸಂಗ್ರಾಹಕರು ಭೂತಕನ್ನಡಿ ಹಿಡಿದು ಹೋಲಿಸುತ್ತಾರೆ. ಸೂರ್ಯನ ಎಲೆಯಲ್ಲಿ ಅಂಕಿಯ ಪಕ್ಕ ಒಂದು ಡೊಂಕು ಗೆರೆ. ಕೆಲವು ಮುದ್ರಣಗಳಲ್ಲಿ ಉಂಟು, ಕೆಲವುಗಳಲ್ಲಿ ಇಲ್ಲ. ಬೆನ್ನ ಮೇಲೆ ಮೊದಲು ಗುಲಾಬಿ, ಲಿಲಿ ಹೂಗಳಿದ್ದವು. ಆಮೇಲೆ ಬಿರುಕುಬಿಟ್ಟ ಕೆರೆಯಂಗಳದಂಥ ವಿನ್ಯಾಸ ಬಂತು. ಹೀಗೆ ಬೇರ್ಪಡಿಸಿದ ಮುದ್ರಣಗಳಿಗೆ ಅವರಿಟ್ಟ ಹೆಸರು ಪ್ಯಾಮ್-ಎ, ಪ್ಯಾಮ್-ಬಿ, ಪ್ಯಾಮ್-ಸಿ, ಪ್ಯಾಮ್-ಡಿ.

ಪ್ಯಾಮ್ ಎಂದರೆ ಪಮೇಲಾ. ಎಲೆಗಳು ನುಡಿಯುವ ಭವಿಷ್ಯ ಹೇಗೋ ಏನೋ, ಗೆರೆಗಳನ್ನು ಎಣಿಸಿ ನೋಡಿದವರು ಗೆರೆ ಎಳೆದವಳನ್ನು ಮರೆಯಲಿಲ್ಲ.