ತಡಸದ ಕೆರೆಯೂ ಮನೆಯ ಮೀನುತೊಟ್ಟಿಯೂ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಹೊರಟ ಪ್ರವಾಸಿಗೆ ಒಂದು ತಾಸಿನೊಳಗೆ ತಡಸದ ಕ್ರಾಸು ಎದುರಾಗುವದು. ಹೆದ್ದಾರಿಯು ಶಿಗ್ಗಾವಿ, ಹಾವೇರಿಗಳ ಕಡೆಗೆ ಸಾಗಿದರೆ, ಇನ್ನೊಂದು ದಾರಿಯು ಮುಂಡಗೋಡ, ಶಿರಸಿಗಳ ಕಡೆಗೆ ಹೊರಳುವದು. ಶಿಗ್ಗಾವಿ ತಾಲೂಕಿನ ಈ ಊರು ಮೊದಲು ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಬಯಲುಸೀಮೆಯು ಇಲ್ಲಿ ಮೆಲ್ಲನೆ ಹಿಂದೆ ಸರಿದು ಮಲೆನಾಡಿನ ಸೆರಗು ಕಾಣತೊಡಗುವದು. ಗೋವಿನಜೋಳ, ಹತ್ತಿಗಳ ಹೊಲಗಳ ನಡುವೆ ಬತ್ತದ ಗದ್ದೆಗಳೂ, ಗದ್ದೆಗಳಿಗೆ ಆಧಾರವಾದ ಕೆರೆಗಳೂ ಕಣ್ಣಿಗೆ ಬೀಳುವವು.

ಈ ಭಾಗದ ಕೆರೆಗಳು ಹೆಚ್ಚಾಗಿ ಮಳೆಯನ್ನೇ ನಂಬಿದವು. ಶ್ರಾವಣದಲ್ಲಿ ಕೆಂಪು ನೀರು ತುಂಬಿ ಕೋಡಿಯ ಕಡೆಗೆ ಏರುವದು. ಕಾರ್ತಿಕದ ಹೊತ್ತಿಗೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುವದು. ವೈಶಾಖದ ಬಿಸಿಲಿಗೆ ಕುಗ್ಗಿ, ಪಾಚಿಗಟ್ಟಿ, ಮಡುವಿನಂತೆ ಉಳಿಯುವದು. ನೋಡುವವರಿಗೆ ಕೆರೆ ಒಂದೇ. ಅದರೊಳಗಿನ ಮರಿಮೀನಿಗೋ ಅದು ವರ್ಷಕ್ಕೆ ಮೂರು ಬೇರೆ ಲೋಕ. ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕುವ ಗೃಹಸ್ಥರು ಇಂಥ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿದರೆ ತಿಳಿದುಕೊಳ್ಳತಕ್ಕದ್ದು ಬಹಳವಿದೆ.

ಮೀನು ತನ್ನ ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುವದೆಂದು ಅನೇಕರು ನಂಬಿರುವರು. ಆದುದರಿಂದ ಚಿಕ್ಕ ತೊಟ್ಟಿಯಲ್ಲಿ ದೊಡ್ಡ ಜಾತಿಯ ಮರಿಯನ್ನು ಬಿಟ್ಟರೂ ಚಿಂತೆಯಿಲ್ಲವೆಂದು ಎಣಿಸುವರು. ಇದು ಅರ್ಧ ಸತ್ಯ ಮಾತ್ರ. ಮೀನು ಗೋಡೆಯನ್ನು ಅಳೆದು ನೋಡಿ ಬೆಳವಣಿಗೆಯನ್ನು ನಿಲ್ಲಿಸುವದಿಲ್ಲ; ಕೆಟ್ಟ ನೀರೂ ಇಕ್ಕಟ್ಟೂ ಅದನ್ನು ಬೆಳೆಯಗೊಡುವದಿಲ್ಲ. ಹಾಗೆ ಗಿಡ್ಡಾಗಿ ಉಳಿದ ಮೀನು ಸುಖವಾಗಿರುವದೆಂದು ತಿಳಿಯಲಾಗದು.

ಇದಕ್ಕೆ ಜಿಲೇಬಿ ಮೀನಿನ ಕಥೆಯೇ ನಿದರ್ಶನ. ತಿಲಾಪಿಯಾ ಎಂದು ಹೆಸರಾದ ಇದು ಆಫ್ರಿಕಾ ಮೂಲದ್ದು; ಗಾಜಿನ ತೊಟ್ಟಿಗಳಲ್ಲಿ ಸಾಕುವ ಏಂಜೆಲ್, ಆಸ್ಕರ್ ಮೀನುಗಳಂತೆ ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ್ದು. ಬಡವರಿಗೆ ಅಗ್ಗದ ಆಹಾರವಾದೀತೆಂಬ ಆಸೆಯಿಂದ ಇದನ್ನು 1952ರಲ್ಲಿ ಭಾರತಕ್ಕೆ ತಂದರು. ತಾಯಿಮೀನು ತತ್ತಿಗಳನ್ನು ಬಾಯಿಯಲ್ಲಿಟ್ಟುಕೊಂಡು ಕಾಯುವದು. ಆ ದಿನಗಳಲ್ಲಿ ಅದು ತಿನ್ನುವದೇ ಇಲ್ಲವೆನ್ನಬಹುದು. ವಿಶಾಲವಾದ ನೀರಿನಲ್ಲಿ ಚೆನ್ನಾಗಿ ಬೆಳೆದ ಮೇಲೆ ತತ್ತಿಯಿಡುವ ಈ ಮೀನು, ಚಿಕ್ಕ ಹೊಂಡದಲ್ಲಿ ಎರಡು ಮೂರು ತಿಂಗಳಿಗೇ ಮರಿಮಾಡತೊಡಗುವದು. ಮರಿಗಳು ಹೆಚ್ಚಿದಂತೆ ಆಹಾರ ಸಾಲದೆ ಎಲ್ಲವೂ ಬೆರಳುದ್ದವೇ ಉಳಿಯುವವು. ಹೀಗೆ ಗಿಡ್ಡ ಮೀನುಗಳು ತುಂಬಿ, ಇತರ ಮೀನುಗಳಿಗೂ ಕೇಡೆಂದು ಕಂಡುಬಂದುದರಿಂದ 1959ರಲ್ಲಿ ಅದನ್ನು ಹಬ್ಬಿಸಬಾರದೆಂದು ತಡೆ ಬಂದಿತು. ಆದರೆ ನೀರಿಗಿಳಿದ ಮೀನನ್ನು ಹಿಂದಕ್ಕೆ ಕರೆಯುವವರಾರು? ಕರ್ನಾಟಕದ ಅನೇಕ ಕೆರೆಗಳಲ್ಲಿ ಅದು ಇಂದಿಗೂ ನೆಲೆಯೂರಿದೆ.

ಕೆರೆಯಲ್ಲಿ ತಿಂಗಳುಗಟ್ಟಲೆ ನಡೆಯುವದು ಗಾಜಿನ ತೊಟ್ಟಿಯಲ್ಲಿ ಕೆಲವೇ ದಿನಗಳಲ್ಲಿ ನಡೆಯುವದು. 60 ಸೆಂಟಿಮೀಟರು ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ ಹಿಡಿಯುವದು 54 ಲೀಟರು ಮಾತ್ರ. ಮೀನು ಉಸಿರಾಡುವಾಗ ಕಿವಿರುಗಳಿಂದ ಅಮೋನಿಯಾ ಹೊರಬೀಳುವದು. ತಿನ್ನದೆ ಉಳಿದ ಕಾಳೂ ಕೊಳೆತು ಅದನ್ನೇ ಹೆಚ್ಚಿಸುವದು. ಮಳಲಿನಲ್ಲಿಯೂ ಸೋಸುಗದಲ್ಲಿಯೂ ನೆಲೆಸುವ ಸೂಕ್ಷ್ಮಜೀವಿಗಳು ಈ ವಿಷವನ್ನು ಮೊದಲು ನೈಟ್ರೈಟಾಗಿಯೂ ಆಮೇಲೆ ಸೌಮ್ಯವಾದ ನೈಟ್ರೇಟಾಗಿಯೂ ಮಾರ್ಪಡಿಸುವವು. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಕೆಲವು ವಾರಗಳು ಬೇಕು. ಅವಸರದಿಂದ ಮೊದಲ ದಿನವೇ ಹತ್ತಾರು ಮರಿಗಳನ್ನು ಬಿಟ್ಟರೆ, ಸಾಯದೆ ಉಳಿದವು ಸಹ ಸೊರಗುವವು.

ಬಿಸಿಯೂ ಹಾಗೆಯೇ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಮ್ ಆಮ್ಲಜನಕವನ್ನು ಹಿಡಿದರೆ, 30 ಡಿಗ್ರಿಯದು ಏಳೂವರೆಯಷ್ಟನ್ನೇ ಹಿಡಿಯುವದು. ಬಿಸಿ ನೀರಿನಲ್ಲಿ ಮರಿಗೆ ಹಸಿವು ಹೆಚ್ಚು, ಉಸಿರು ಕಡಿಮೆ. ಇದರ ಮೇಲೆ ಸಿಕ್ಲಿಡ್ ಮರಿಗಳ ಜಗಳಗಂಟತನ ಬೇರೆ. ಬಲ್ಲಿದವು ಮೂಲೆಯನ್ನು ಹಿಡಿದು ಕಾಳನ್ನೆಲ್ಲ ನುಂಗುವವು. ಬಡವು ಅಂಜುತ್ತ ಅಡಗಿ ಹಸಿದಿರುವವು. ಒಂದೇ ತಾಯಿಯ ಮರಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಆಗುವದಕ್ಕೆ ಇದೂ ಒಂದು ಕಾರಣ.

ಆದುದರಿಂದ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಸಾಕಬೇಕು. ಅಡಗಲು ಕಲ್ಲು, ಗಿಡಗಳನ್ನಿಡಬೇಕು. ದಿನಕ್ಕೆ ಒಮ್ಮೆ ಸುರಿಯುವ ಕಾಳನ್ನು ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಬದಲಿಸಬೇಕು. ಒಂದು ಅಡಿಯವರೆಗೆ ಬೆಳೆಯುವ ಆಸ್ಕರ್ ಮರಿಯನ್ನು ಚಿಕ್ಕ ತೊಟ್ಟಿಗಾಗಿ ಕೊಳ್ಳಲೇಬಾರದು.

ಕೊಂಡ ಮೇಲೆ ತೊಟ್ಟಿ ಸಾಲದಾಯಿತೆಂದು ಅದನ್ನು ಊರ ಕೆರೆಗೆ ಬಿಡುವದು ದಯೆಯಲ್ಲ. ನಮ್ಮ ನಾಡಿಗೂ ತನ್ನದೇ ಸಿಕ್ಲಿಡ್ ಉಂಟು. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಹೊಳೆಗಳಲ್ಲಿರುವ ಒಂದು ಜಾತಿಗೆ ಫ್ರಾನ್ಸಿಸ್ ಡೇ ಎಂಬವರು 1877ರಲ್ಲಿ ಕನ್ನಡ ಜಿಲ್ಲೆಯ ಹೆಸರನ್ನೇ ಸೇರಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದರು. ಅದು ಇಂದು ಅಳಿವಿನಂಚಿನಲ್ಲಿದೆ. ಹೊರಗಿನಿಂದ ಬಂದದ್ದು ಕೆರೆ ಹೊಳೆಗಳನ್ನು ತುಂಬಿದರೆ ಇಂಥ ಮನೆಯ ಮೀನಿಗೆ ಎಡೆಯೆಲ್ಲಿ? ಮೀನನ್ನು ಮನೆಗೆ ತರುವ ಮೊದಲೇ ಅದು ಎಷ್ಟು ಬೆಳೆಯುವದೆಂದು ವಿಚಾರಿಸುವದು, ಮಕ್ಕಳಿಗೂ ಆ ವಿಚಾರವನ್ನು ಕಲಿಸುವದು, ಹಿರಿಯರ ಕೆಲಸ.